ಸೊಪ್ಪಿನ ಪಿಳ್ಳಮ್ಮನ ನಾಲ್ಕು ಮಾತ್ರೆ

ರಸೆಲ್ ಮಾರುಕಟ್ಟೆಯ ಪಕ್ಕದ ಬಾಗಿಲಲ್ಲಿ ಗೋಣಿತಾಟು ಹಾಸಿಕೊಂಡು ಕೂರುತ್ತಿದ್ದ ಸೊಪ್ಪಿನವರಲ್ಲಿ ಪಿಳ್ಳಮ್ಮನ ಹತ್ತಿರ ಚೌಕಾಸಿ ಮಾಡುವವರು ಕಡಿಮೆ. ಅವಳು ಅಗ್ಗಕ್ಕೆ ಕೊಡುತ್ತಿದ್ದಳು ಎಂದಲ್ಲ. ಒಮ್ಮೆ ಹೇಳಿದ ಬೆಲೆಯಿಂದ ಕೂದಲೆಳೆಯಷ್ಟೂ ಇಳಿಯುವ ಹೆಂಗಸಲ್ಲ ಅವಳು. ಆದರೆ ದಂಟಿನ ಕಟ್ಟು ಚೀಲಕ್ಕೆ ಬಿದ್ದು, ಗಿರಾಕಿ ಇನ್ನೇನು ಹೊರಡಬೇಕು ಎನ್ನುವಾಗ, ಕೇಳದೆಯೇ ಒಂದು ಹಿಡಿ ಕೊತ್ತಂಬರಿಯನ್ನೋ ಎರಡು ಕಡ್ಡಿ ಕರಿಬೇವನ್ನೋ ಮೇಲೆ ತುರುಕುತ್ತಿದ್ದಳು. ಅದು ಕೊಸರು. ಕೊಸರಿಲ್ಲದ ವ್ಯಾಪಾರ ಅವಳ ಪ್ರಕಾರ ವ್ಯಾಪಾರವೇ ಅಲ್ಲ, ಬರೀ ಕಿತ್ತಾಟ. ಕೊಟ್ಟ ಕೊಸರನ್ನು ಯಾರೂ ಎಣಿಸುವುದಿಲ್ಲ, ಯಾರೂ ವಾಪಸ್ ಕೇಳುವುದಿಲ್ಲ. ಇಷ್ಟು ಸರಳವಾದ ವಿಷಯ ಓದಿದವರಿಗೆ ಗೊತ್ತಿರುವುದಿಲ್ಲ ಎಂದು ಅವಳಿಗೆ ಗೊತ್ತಾಗಿದ್ದು ನಲವತ್ತೈದನೆಯ ವಯಸ್ಸಿನಲ್ಲಿ, ಆಸ್ಪತ್ರೆಯಲ್ಲಿ.

ಅವಳ ಊರು ಕೆ.ಆರ್. ಪುರ ದಾಟಿದ ಮೇಲೆ, ಒಂದು ಕೆರೆಯ ಏರಿಯ ಕೆಳಗೆ. ಗಂಡ ಮುನಿರಾಜಪ್ಪ ಅಲ್ಲಿ ಅರ್ಧ ಎಕರೆಯಲ್ಲಿ ಸೊಪ್ಪು ಬೆಳೆಯುತ್ತಿದ್ದ, ಇವಳು ಶಿವಾಜಿನಗರದ ಬಸ್ಸು ಹತ್ತಿ ಮಾರಿಕೊಂಡು ಬರುತ್ತಿದ್ದಳು. ಮುನಿರಾಜಪ್ಪನಿಗೆ ಮಾತು ಕಡಿಮೆ, ಕಣ್ಣೀರು ಜಾಸ್ತಿ. ಮಗಳನ್ನು ಹೊಸಕೋಟೆಗೆ ಮದುವೆ ಮಾಡಿ ಕಳಿಸಿದ ದಿನ ಅವನು ಅತ್ತ ಪರಿಗೆ ಗಂಡಿನ ಕಡೆಯವರೇ ಗಾಬರಿಯಾಗಿದ್ದರು. ಪಿಳ್ಳಮ್ಮ ಮಾತ್ರ ಅಂದು ನೆಂಟರಿಗೆ ಸಾರು ಬಡಿಸುತ್ತ ಓಡಾಡಿದ್ದಳು. ಮನೆಗೊಬ್ಬರು ಅತ್ತರೆ ಸಾಕು ಎಂಬುದು ಅವಳ ಲೆಕ್ಕ.

ತೊಂಬತ್ತೆಂಟರ ಚಳಿಗಾಲದಲ್ಲಿ ಸೊಪ್ಪಿನ ಪುಟ್ಟಿ ಅವಳ ಸೊಂಟದ ಮೇಲೆ ಕೂರಲೊಲ್ಲದಾಯಿತು. ಎಡಪಕ್ಕೆಯ ಕೆಳಗೆ ಏನೋ ಗಟ್ಟಿಯಾಗಿ ಊದಿಕೊಂಡಿತ್ತು. ಪಕ್ಕದಲ್ಲಿ ನಿಂಬೆಹಣ್ಣು ಮಾರುವ ಜಹನಾರಾ, "ಈ ವಯಸ್ಸಲ್ಲಿ ಇನ್ನೊಂದಾ ಪಿಳ್ಳಮ್ಮಾ?" ಎಂದು ರೇಗಿಸಿದಳು. ಪಿಳ್ಳಮ್ಮನೂ ನಕ್ಕಳು. ಹೊಟ್ಟೆ ಬೆಳೆಯುತ್ತಿದ್ದರೂ ತೋಳು ಮಾತ್ರ ಕಡ್ಡಿಯಾಗುತ್ತಿರುವುದನ್ನು ಕಂಡು ಕಡೆಗೆ ಜಹನಾರಾಳೇ ಅವಳನ್ನು ಆಸ್ಪತ್ರೆಗೆ ಎಳೆದುಕೊಂಡು ಹೋದಳು. ಹತ್ತು ಸಾವಿರದ ಆಸುಪಾಸಿನಲ್ಲಿ ಇರಬೇಕಾದ ಬಿಳಿ ರಕ್ತಕಣ ಮೂರು ಲಕ್ಷ ಇತ್ತು. ರಕ್ತದ ಕ್ಯಾನ್ಸರು, ಅದರಲ್ಲೂ ಲಕ್ಷಕ್ಕೊಬ್ಬರಿಗೆ ಬರುವ ಜಾತಿಯದು, ನಿಧಾನಕ್ಕೆ ಬೆಳೆಯುವಂಥದ್ದು ಎಂದರು ಡಾಕ್ಟರ್ ಮಧುಕರ್. ಅವರು ಕೊಟ್ಟ ಮಾತ್ರೆ ಕಣಗಳನ್ನು ತುಳಿದು ಕೆಳಗಿಡುತ್ತಿತ್ತೇ ಹೊರತು ರೋಗವನ್ನು ಮುಟ್ಟುತ್ತಿರಲಿಲ್ಲ. ಇನ್ನು ಎಷ್ಟು ವರ್ಷ ಎಂದು ಪಿಳ್ಳಮ್ಮ ಕೇಳಿದಾಗ ಅವರು ಸುಳ್ಳು ಹೇಳಲಿಲ್ಲ. ಮೂರು, ಹೆಚ್ಚೆಂದರೆ ನಾಲ್ಕು ಎಂದರು. ಮುನಿರಾಜಪ್ಪ ಅಲ್ಲೇ ಗೋಡೆಗೆ ಹಣೆಯಿಟ್ಟುಕೊಂಡು ನಿಂತ.

ಎರಡು ಸಾವಿರದ ಇಸವಿಯ ಆಗಸ್ಟಿನಲ್ಲಿ ಡಾಕ್ಟರು ಅವಳನ್ನು ಕರೆದು ಕೂರಿಸಿದರು. ಹೊರದೇಶದಿಂದ ಹೊಸ ಔಷಧಿಯೊಂದು ಪರೀಕ್ಷೆಗೆ ಬಂದಿದೆ, ಸೂಜಿಯಲ್ಲ, ನುಂಗುವ ಮಾತ್ರೆ, ಈ ಆಸ್ಪತ್ರೆಗೆ ಮೂವತ್ತು ಜನರ ಜಾಗ ಕೊಟ್ಟಿದ್ದಾರೆ ಎಂದರು. ಔಷಧಿಗೆ ಇನ್ನೂ ಹೆಸರೂ ಇಟ್ಟಿರಲಿಲ್ಲ, ಬರೀ ಒಂದು ನಂಬರಿತ್ತು. ಒಪ್ಪಿಗೆಯ ಕಾಗದ ಹನ್ನೊಂದು ಪುಟ. ಅದರ ಕನ್ನಡ ಎಂಥದ್ದೆಂದರೆ ಬರೆದವರೇ ಎರಡನೇ ಸಲ ಓದಲಾರರು. ಅದನ್ನು ಬಿಡಿಸಿ ಹೇಳುವ ಕೆಲಸ ಫಹ್ಮಿದಾಳದು. ಶಿವಾಜಿನಗರದಲ್ಲೇ ಹುಟ್ಟಿ ಬೆಳೆದವಳು, ನರ್ಸ್ ಆಗಿದ್ದು ಈಗ ಈ ಮೂವತ್ತು ಜನರ ಮಾತ್ರೆ, ರಕ್ತ, ಕಾಗದ ಎಲ್ಲವನ್ನೂ ನೋಡಿಕೊಳ್ಳುತ್ತಿದ್ದಳು.

ಪಿಳ್ಳಮ್ಮ ಎಲ್ಲ ಕೇಳಿಸಿಕೊಂಡು ಒಂದೇ ಪ್ರಶ್ನೆ ಕೇಳಿದಳು. "ಇಷ್ಟೊಳ್ಳೆ ಔಸ್ದಿ ಪುಕ್ಕಟೆ ಯಾಕ್ ಕೊಡ್ತಾರೆ ಫಾಮಿದಮ್ಮಾ?"

"ಒಳ್ಳೇದೋ ಅಲ್ವೋ ಇನ್ನೂ ಪೂರ್ತಿ ಗೊತ್ತಿಲ್ಲಮ್ಮಾ. ನಿಮ್ಮ ಮೈ ನೋಡಿ ಅವರು ತಿಳ್ಕೋತಾರೆ."

"ಅಂಗಂದ್ರೆ ನಾನೂ ಅವ್ರಿಗೆ ಏನೋ ಕೊಡ್ತಾ ಇವ್ನಿ ಅನ್ನು," ಎಂದು ಪಿಳ್ಳಮ್ಮ ಹೆಬ್ಬೆಟ್ಟು ಒತ್ತಿದಳು. ಯಾರಿಂದಲೂ ಸುಮ್ಮನೆ ಏನನ್ನೂ ತೆಗೆದುಕೊಳ್ಳುತ್ತಿಲ್ಲ ಎಂಬುದು ಅವಳಿಗೆ ಸಮಾಧಾನ ಕೊಟ್ಟಿತು.

ದಿನಕ್ಕೆ ನಾಲ್ಕು. ಬೆಳಗಿನ ಊಟದ ಮೇಲೆ ಒಂದು ಚೊಂಬು ನೀರಿನ ಜೊತೆ ನಾಲ್ಕನ್ನೂ ನುಂಗಬೇಕು, ಕ್ಯಾಲೆಂಡರಿನಲ್ಲಿ ಗೆರೆ ಹಾಕಬೇಕು, ನಾಲ್ಕು ವಾರಕ್ಕೊಮ್ಮೆ ಬಾಟಲಿ ಸಮೇತ ಬರಬೇಕು. ಮೊದಲ ವಾರ ಹೊಟ್ಟೆ ತೊಳಸಿತು. ಮೀನಖಂಡ ಹಿಡಿದುಕೊಂಡು ಕೂತಲ್ಲೇ ಕೂಗುವ ಹಾಗಾಯಿತು. ಕಣ್ಣಿನ ಸುತ್ತ ಊದಿಕೊಂಡು, ಮುಖ ಯಾರೋ ಬಾರಿಸಿದ ಹಾಗೆ ಕಾಣುತ್ತಿತ್ತು. ಮಾರುಕಟ್ಟೆಯಲ್ಲಿ ಎಲ್ಲರೂ ಪಾಪದ ಮುನಿರಾಜಪ್ಪನನ್ನು ಅನುಮಾನಿಸಿದರು. ಆದರೆ ಎರಡನೆಯ ತಿಂಗಳ ಹೊತ್ತಿಗೆ ಎಡಪಕ್ಕೆಯ ಗಟ್ಟಿ ಕರಗಿತ್ತು. ರಕ್ತದ ಬಿಳಿ ಕಣ ಎಂಟು ಸಾವಿರಕ್ಕೆ ಬಂದು ನಿಂತಿತ್ತು. ಡಾಕ್ಟರ್ ಮಧುಕರ್ ಆ ಕಾಗದವನ್ನು ಮೂರು ಸಲ ಓದಿ, ಕನ್ನಡಕ ತೆಗೆದು ಒರೆಸಿ, ಮತ್ತೆ ಓದಿದರು. ಅಂದು ಪಿಳ್ಳಮ್ಮ ಪುಟ್ಟಿಯನ್ನು ಸೊಂಟದ ಮೇಲೆ ಇಟ್ಟುಕೊಂಡೇ ಬಸ್ ಸ್ಟ್ಯಾಂಡಿನವರೆಗೆ ನಡೆದಳು. ಸಂತೋಷ ಎಷ್ಟಿತ್ತೆಂದರೆ ದಾರಿಯಲ್ಲಿ ಕಂಡವರಿಗೆಲ್ಲ ಸಬ್ಬಸಿಗೆ ಹಂಚಿದಳು.

ಆ ಸಂತೋಷದಲ್ಲಿ ಒಂದೇ ಒಂದು ಮುಳ್ಳು. ಬಾಟಲಿಯಲ್ಲಿ ನೂರಾ ಇಪ್ಪತ್ತು ಮಾತ್ರೆ ಇರುತ್ತಿತ್ತು, ಇಪ್ಪತ್ತೆಂಟು ದಿನಕ್ಕೆ ಬೇಕಾದ್ದು ನೂರಾ ಹನ್ನೆರಡು. ಬರುವುದು ಒಂದೆರಡು ದಿನ ತಡವಾದರೆ ಇರಲಿ ಎಂದು ಉಳಿದ ಎಂಟು. ಪಿಳ್ಳಮ್ಮನಿಗೆ ಅದು ನೋಡಿದ ಕೂಡಲೇ ಅರ್ಥವಾಯಿತು. ದೊಡ್ಡ ವ್ಯಾಪಾರಸ್ಥರು, ಕೊಸರು ಕೊಟ್ಟಿದ್ದಾರೆ. ಆದರೆ ಫಹ್ಮಿದಾ ಆ ಎಂಟನ್ನು ಎಣಿಸಿ, ಕವರಿಗೆ ಹಾಕಿ, ಅಂಟಿಸಿ, ಮೇಲೆ ನಂಬರ್ ಬರೆದಳು.

"ಇದೆಲ್ಲೋಯ್ತದೆ?" ಎಂದು ಕೇಳಿದಳು ಪಿಳ್ಳಮ್ಮ.

"ಸುಟ್ಟುಹಾಕ್ತಾರಮ್ಮಾ. ರೂಲ್ಸ್ ಹಾಗಿದೆ."

ಪಿಳ್ಳಮ್ಮನ ಹೊಟ್ಟೆಗೇ ಬೆಂಕಿ ಬಿದ್ದ ಹಾಗಾಯಿತು. ಬಾಡಿದ ಸೊಪ್ಪನ್ನೂ ಅವಳು ಬಿಸಾಡಿದವಳಲ್ಲ, ಹಸುವಿಗೆ ಹಾಕುತ್ತಿದ್ದಳು. ಜೀವ ಉಳಿಸುವ ಮಾತ್ರೆ ಸುಡುವುದೆಂದರೇನು? ಓದಿದವರ ಬುದ್ಧಿಗೆ ಏನೆನ್ನಬೇಕು ಎಂದು ಬಸ್ಸಿನುದ್ದಕ್ಕೂ ಮುನಿರಾಜಪ್ಪನಿಗೆ ಬೈದಳು, ಅವನೇ ಸುಡುತ್ತಿರುವ ಹಾಗೆ.

ನವೆಂಬರಿನಲ್ಲಿ, ರಕ್ತ ಕೊಡುವ ಕಿಟಕಿಯ ಮುಂದಿನ ಬೆಂಚಿನ ಮೇಲೆ ಜಟ್ಟೆಮ್ಮ ಸಿಕ್ಕಳು. ಇಪ್ಪತ್ತೆಂಟರ ಹೆಂಗಸು, ಯಾದಗಿರಿ ಕಡೆಯವಳು. ಗಂಡ ದುರ್ಗೇಶ ಕಟ್ಟಡಗಳಿಗೆ ಸೆಂಟ್ರಿಂಗ್ ಬಡಿಯುತ್ತಿದ್ದ, ಇವಳು ಗಾರೆ ಹೊರುತ್ತಿದ್ದಳು. ಕಮ್ಮನಹಳ್ಳಿಯಲ್ಲಿ ಒಂದು ಬಾಡಿಗೆ ಕೋಣೆ. ಅವಳೂ ಎಡಪಕ್ಕೆಯನ್ನು ಹಿಡಿದುಕೊಂಡು ಕೂತಿದ್ದಳು, ಅಷ್ಟು ಸಾಕಾಯಿತು ಪಿಳ್ಳಮ್ಮನಿಗೆ. ಅದೇ ರೋಗ. ಆದರೆ ಮೂವತ್ತು ಜಾಗವೂ ತುಂಬಿಹೋಗಿತ್ತು. ಮುಂದೆ ಯಾವಾಗಲಾದರೂ ಇನ್ನಷ್ಟು ಜನರನ್ನು ತೆಗೆದುಕೊಂಡರೆ ಕಾಗದ ಹಾಕುತ್ತೇವೆ ಎಂದು ಹಳೆಯ ಮಾತ್ರೆ ಕೊಟ್ಟು ಕಳಿಸಿದ್ದರು.

"ಒಂದ್ ತಿಂಗಳು ತಡಾ ಮಾಡಿ ಬಂದೀನಂತ ಯಕ್ಕಾ," ಎಂದಳು ಜಟ್ಟೆಮ್ಮ. "ಸೈಟಿನ್ಯಾಗ ಮೋಲ್ಡಿಂಗ್ ಇತ್ತು. ರಜಾ ಕೊಡಲಿಲ್ಲ."

ಅಂದು ಪಿಳ್ಳಮ್ಮ ಬಾಟಲಿಯಲ್ಲಿ ಉಳಿದ ಎಂಟು ಮಾತ್ರೆ ಒಪ್ಪಿಸಲಿಲ್ಲ. ನೀರಿಗೆ ಬಿದ್ದು ಕರಗಿ ಹೋದವು ಎಂದಳು. ಫಹ್ಮಿದಾ ನಂಬಿದಳೋ ಬಿಟ್ಟಳೋ, ಚೆನ್ನಾಗಿ ಬೈದಳು. ಇನ್ನೊಂದು ಸಲ ಹೀಗಾದರೆ ಡಾಕ್ಟರಿಗೆ ಹೇಳಲೇಬೇಕಾಗುತ್ತದೆ ಎಂದಳು. ಎಂಟು ಮಾತ್ರೆಯನ್ನು ಜಟ್ಟೆಮ್ಮನ ಕೈಗಿಟ್ಟು ಊರಿಗೆ ಬಂದ ಪಿಳ್ಳಮ್ಮ ಎರಡು ದಿನ ಯೋಚಿಸಿದಳು. ಆ ಕೊಸರಿನ ದಾರಿ ಮುಚ್ಚಿತು. ಹಾಗಾದರೆ ತನ್ನದೇ ಪಾಲಿನಿಂದ ತೆಗೆಯಬೇಕು. ಒಂದು ಕಟ್ಟು ದಂಟಿನಿಂದ ಒಂದು ಕಡ್ಡಿ ಎಳೆದರೆ ಕಟ್ಟು ಕಟ್ಟೇ ಆಗಿರುತ್ತದೆ, ಗಿರಾಕಿಗೆ ಗೊತ್ತೂ ಆಗುವುದಿಲ್ಲ. ಇಪ್ಪತ್ತು ವರ್ಷದ ಅನುಭವ ಅದು. ಮೈಯೂ ಹಾಗೆಯೇ ಇರಬೇಕು ಎಂದುಕೊಂಡಳು. ಮೈ ಮಾತ್ರ ಅಂಥ ಗಿರಾಕಿಯಲ್ಲ ಎಂದು ಅವಳಿಗೆ ಹೇಳುವವರು ಯಾರೂ ಇರಲಿಲ್ಲ, ಏಕೆಂದರೆ ಅವಳು ಯಾರಿಗೂ ಹೇಳಲಿಲ್ಲ.

ಅಲ್ಲಿಂದ ಮುಂದೆ ಅವಳು ನುಂಗಿದ್ದು ದಿನಕ್ಕೆ ಮೂರು. ನಾಲ್ಕನೆಯದು ಸೆರಗಿನ ಗಂಟಿಗೆ. ವಾರಕ್ಕೆ ಏಳಾಗುತ್ತಿತ್ತು. ಶುಕ್ರವಾರ ಜಟ್ಟೆಮ್ಮ ಮಾರುಕಟ್ಟೆಗೆ ಬರುವಳು, ಪಿಳ್ಳಮ್ಮ ಸಬ್ಬಸಿಗೆ ಸೊಪ್ಪಿನ ಕಟ್ಟಿನೊಳಗೆ ಕಾಗದದ ಪೊಟ್ಟಣ ಸಿಕ್ಕಿಸಿ ಕೊಡುವಳು. ತಿಂಗಳ ಕೊನೆಗೆ ಉಳಿದ ಎಂಟನ್ನು ತಪ್ಪದೆ ಎಣಿಸಿ ಫಹ್ಮಿದಾಳ ಮುಂದಿಡುತ್ತಿದ್ದಳು. ಬಾಟಲಿಯಲ್ಲಿ ಏನಿಲ್ಲ ಎಂಬುದನ್ನು ಎಣಿಸಬಹುದೇ ವಿನಾ ಅದು ಯಾರ ಹೊಟ್ಟೆ ಸೇರಿತು ಎಂದು ಎಣಿಸಲು ಬರುವುದಿಲ್ಲವಲ್ಲ. ಎಲ್ಲ ಸರಿಯಾಗಿತ್ತು.

"ಯಕ್ಕಾ, ನಿಂಗ ಕಡಿಮಿ ಬೀಳಂಗಿಲ್ಲೇನು?" ಎಂದು ಜಟ್ಟೆಮ್ಮ ಮೊದಲ ವಾರವೇ ಕೇಳಿದ್ದಳು.

"ಇದು ಕೊಸರು ಕಣೆ. ನಂಗೆ ಕೊಟ್ಟು ಮೇಲೆ ಮಿಗೋದು. ನೀನ್ ತಿನ್ನದಿದ್ರೆ ಅವರು ಒಲೆಗ್ ಆಕ್ತಾರೆ," ಎಂದಿದ್ದಳು ಪಿಳ್ಳಮ್ಮ, ಕಣ್ಣು ಮಿಟುಕಿಸದೆ. ಜಟ್ಟೆಮ್ಮ ನಂಬಿದಳು. ದಿನಕ್ಕೊಂದು ಮಾತ್ರೆಯಿಂದ ಆದದ್ದೋ ಹಳೆಯ ಮಾತ್ರೆಯಿಂದ ಆದದ್ದೋ, ಅವಳ ಮುಖಕ್ಕೆ ಸ್ವಲ್ಪ ಕಳೆ ಬಂತು. ಕಲ್ಯಾಣ ನಗರದ ಹೊಸ ಕಟ್ಟಡವೊಂದರಲ್ಲಿ ಮತ್ತೆ ಕೆಲಸಕ್ಕೂ ಹೋದಳು. ಅವಳಿಗೆ ಅಮ್ಮ ಇರಲಿಲ್ಲ, ಪಿಳ್ಳಮ್ಮನ ಮಗಳು ಗಂಡನ ಮನೆ ಸೇರಿದ್ದಳು. ಶುಕ್ರವಾರದ ಅರ್ಧ ಗಂಟೆಯಲ್ಲಿ ಇಬ್ಬರೂ ಚಹಾ ಕುಡಿದು, ಲೋಕದವರನ್ನೆಲ್ಲ ಆಡಿಕೊಂಡು, ನಕ್ಕು ಎದ್ದರೆ ಪಿಳ್ಳಮ್ಮನಿಗೆ ವಾರವಿಡೀ ಹಗುರ.

ಏಪ್ರಿಲ್‌ನಲ್ಲಿ ಪಿಳ್ಳಮ್ಮನ ರಕ್ತ ಇಪ್ಪತ್ತೆರಡು ಸಾವಿರಕ್ಕೆ ಏರಿತು. ಡಾಕ್ಟರು ಹುಬ್ಬು ಗಂಟಿಕ್ಕಿದರು. ಸೊಂಟದ ಮೂಳೆಗೆ ಸೂಜಿ ಹಾಕಿ ಮಜ್ಜೆ ತೆಗೆದು ನೋಡಿದರು. "ನಾಲ್ಕೂ ತಗೊಂಡು ಹೀಗಾಗ್ತಿದೆ ಅಂದ್ರೆ ಔಷಧಿ ನಿಮಗೆ ಹಿಡೀತಿಲ್ಲ ಅಂತ ಅರ್ಥ ಪಿಳ್ಳಮ್ಮ. ಇನ್ನೆರಡು ತಿಂಗಳು ನೋಡ್ತೀನಿ. ಜೂನ್‌ನಲ್ಲೂ ಏರ್ತಾ ಹೋದ್ರೆ ನಿಲ್ಲಿಸ್ಬೇಕಾಗುತ್ತೆ. ನನ್ನ ಕೈಲಿಲ್ಲ ಅದು," ಎಂದರು.

ಪಿಳ್ಳಮ್ಮ ನಾಳೆಯಿಂದಲೇ ನಾಲ್ಕೂ ನುಂಗುವುದು ಎಂದು ನಿರ್ಧರಿಸಿಕೊಂಡೇ ಮನೆಗೆ ಹೋದಳು. ಆದರೆ ಆ ಶುಕ್ರವಾರ ಜಟ್ಟೆಮ್ಮ ಓಡೋಡಿ ಬಂದಳು, ಕೈಯಲ್ಲಿ ಆಸ್ಪತ್ರೆಯ ಕಾಗದ. ಇನ್ನೂ ಹತ್ತು ಜನರನ್ನು ತೆಗೆದುಕೊಳ್ಳುತ್ತಾರೆ, ಜೂನ್ ಹನ್ನೊಂದಕ್ಕೆ ಪರೀಕ್ಷೆ. ರೋಗ ಹದ್ದು ಮೀರಿದ್ದರೆ ಸೇರಿಸಿಕೊಳ್ಳುವುದಿಲ್ಲ. ಮತ್ತೂ ಒಂದು ಷರತ್ತಿತ್ತು. ಈ ಔಷಧಿಯನ್ನು ಮೊದಲು ಒಮ್ಮೆಯೂ ತೆಗೆದುಕೊಂಡಿರಬಾರದು. ಹೊಸ ಮೈ ಬೇಕು ಅವರಿಗೆ.

ಕಾಗದ ಓದಿ ಹೇಳಿದ ಜಹನಾರಾಳ ಅಣ್ಣ ಹೊರಟುಹೋದ ಮೇಲೆ ಇಬ್ಬರೂ ಸ್ವಲ್ಪ ಹೊತ್ತು ಸೊಪ್ಪಿಗೆ ನೀರು ಚಿಮುಕಿಸುತ್ತ ಕೂತರು. ಒಳ್ಳೆಯದು ಮಾಡಲು ಹೋಗಿ ಇವಳ ಬಾಗಿಲಿಗೆ ತಾನೇ ಅಡ್ಡ ನಿಂತೆನಲ್ಲ ಎಂದು ಪಿಳ್ಳಮ್ಮ ಹಳಹಳಿಸಿದಳು.

"ಕೇಳಿದ್ರೆ ಇಲ್ಲ ಅನ್ನು. ನಿನ್ ಅಣೆ ಮೇಲೆ ಬರ್ದಿರಲ್ಲ," ಎಂದಳು ಕಡೆಗೆ.

"ಸುಳ್ಳು ಹೇಳಬೇಕೇನು ಯಕ್ಕಾ?"

"ಜೀವ ಬೇಕಲ್ವೇನೆ?"

ಜಟ್ಟೆಮ್ಮ ತಲೆ ತಗ್ಗಿಸಿ ಆಗಲಿ ಎಂದಳು. ಈಗ ಅವಳ ರಕ್ತ ಜೂನ್ ಹನ್ನೊಂದರವರೆಗೆ ಹದ್ದಿನಲ್ಲಿರಬೇಕು. ಅಲ್ಲಿಯವರೆಗೆ ಮಾತ್ರೆ ನಿಲ್ಲಿಸಬಾರದು. ಇನ್ನು ಎಂಟು ವಾರ, ಆಮೇಲೆ ಅವಳಿಗೆ ಅವಳದೇ ಬಾಟಲಿ, ತನಗೆ ತನ್ನ ನಾಲ್ಕು. ಎಂಟು ವಾರದಲ್ಲಿ ಏನಾಗಿಹೋಗುತ್ತದೆ ಎಂದು ಪಿಳ್ಳಮ್ಮ ತನಗೆ ತಾನೇ ಹೇಳಿಕೊಂಡಳು, ಮೂರೇ ನುಂಗುತ್ತ ಹೋದಳು. ಡಾಕ್ಟರು ಹೇಳಿದ್ದನ್ನು ಜಟ್ಟೆಮ್ಮನ ಕಿವಿಗೆ ಹಾಕಲಿಲ್ಲ.

ಜೂನ್ ಹನ್ನೊಂದು ಪಿಳ್ಳಮ್ಮನದೂ ಆಸ್ಪತ್ರೆಯ ದಿನವೇ. ಬೆಳಿಗ್ಗೆ ರಕ್ತ ಕೊಟ್ಟು ಮಧ್ಯಾಹ್ನದವರೆಗೆ ಕಾಯಬೇಕು. ಮುನಿರಾಜಪ್ಪ ಜೊತೆಗೆ ಬಂದಿದ್ದ. ಫಲಿತಾಂಶ ಫಹ್ಮಿದಾಳ ಕೈಗೆ ಬಂತು. ಅರವತ್ತೊಂದು ಸಾವಿರ. ಅವಳು ಪಿಳ್ಳಮ್ಮನನ್ನು ಬದಿಗೆ ಕರೆದು ಕೈ ಹಿಡಿದುಕೊಂಡಳು.

"ಅಮ್ಮಾ, ಅಲ್ಲಾಹನ ಆಣೆ, ನಿಜ ಹೇಳಿ. ದಿನಾ ನಾಲ್ಕೂ ತಗೊಳ್ತಿದೀರಾ? ಬಿಟ್ಟಿದ್ರೆ ಈಗ್ಲೇ ಹೇಳ್ಬಿಡಿ. ಕಡಿಮೆ ತಗೊಂಡಿದ್ರೆ ಔಷಧಿ ಸೋತ ಹಾಗಲ್ಲ, ಡಾಕ್ಟರು ಕೇಳ್ಕೊಂಡು ಮುಂದುವರಿಸ್ತಾರೆ. ಇಲ್ಲಾಂದ್ರೆ ಇವತ್ತು ನಿಲ್ಸೇಬಿಡ್ತಾರೆ."

ಪಿಳ್ಳಮ್ಮನಿಗೆ ಎಲ್ಲವೂ ನಿಚ್ಚಳವಾಗಿ ಕಂಡಿತು. ನಿಜ ಹೇಳಿದರೆ ತಾನು ಉಳಿಯುತ್ತೇನೆ, ಜಟ್ಟೆಮ್ಮನ ಬಾಗಿಲು ಮುಚ್ಚುತ್ತದೆ. ಹೇಳದಿದ್ದರೆ ಅವಳು ಒಳಗೆ, ತಾನು ಹೊರಗೆ. ಬಚ್ಚಲಿಗೆ ಎಸೆದೆ ಎಂದು ಸುಳ್ಳು ಹೇಳಬಹುದಿತ್ತು. ಆದರೆ ಇಬ್ಬರ ಸ್ನೇಹವನ್ನು ಮೊದಲಿನಿಂದ ಕಂಡಿದ್ದ ಈ ಹೆಂಗಸು ಎರಡನೆಯ ಪ್ರಶ್ನೆಗೇ ನೆಟ್ಟಗೆ ಜಟ್ಟೆಮ್ಮನ ಹತ್ತಿರ ಬಂದು ನಿಲ್ಲುತ್ತಿದ್ದಳು. ಬಾಗಿಲಾಚೆಯ ಬೆಂಚಿನಲ್ಲಿ ಜಟ್ಟೆಮ್ಮ ಹೊಸ ಸೀರೆಯುಟ್ಟು, ತಲೆಗೆ ಎಣ್ಣೆ ಹಚ್ಚಿ ಬಾಚಿಕೊಂಡು, ಹೆಣ್ಣು ನೋಡುವ ಶಾಸ್ತ್ರಕ್ಕೆ ಅಣಿಯಾದವಳ ಹಾಗೆ ಕೂತಿದ್ದಳು. ಇಪ್ಪತ್ತೆಂಟು ವರ್ಷ. ತನಗೆ ನಲವತ್ತಾರು. ಮಗಳ ಮದುವೆಯಾಗಿದೆ.

"ನಾಕೂ ನುಂಗಿವ್ನಿ," ಎಂದಳು ಪಿಳ್ಳಮ್ಮ.

ಡಾಕ್ಟರರ ಕೋಣೆಗೆ ಅವಳನ್ನು ಕರೆದರು. ಒಳಗೆ ಹೋಗುವಾಗ ಅವಳಿಗೆ ಕಂಡದ್ದು, ಮುನಿರಾಜಪ್ಪ ಬೆಂಚಿನ ಮೇಲೆ ಜಟ್ಟೆಮ್ಮನ ಪಕ್ಕ ಕೂತು ಟವೆಲ್ಲಿನಿಂದ ಮುಖ ಮುಚ್ಚಿಕೊಂಡದ್ದು. ಔಷಧಿ ನಿಲ್ಲಿಸುತ್ತಾರೆಂಬ ವಿಷಯ ಅಷ್ಟು ಹೊತ್ತಿಗೆ ಅವನಿಗೂ ಗೊತ್ತಾಗಿತ್ತು. ಅಳುವವನು ಬಾಯಿ ಮುಚ್ಚಿಕೊಂಡಾದರೂ ಅತ್ತಾನೆಯೇ? ಪಕ್ಕದಲ್ಲಿದ್ದವಳಿಗೆ ಎಲ್ಲವನ್ನೂ ಹೇಳುತ್ತಿದ್ದ. ಪಿಳ್ಳಮ್ಮ ಒಂದು ಗಳಿಗೆ ನಿಂತಳು. ಆದರೆ ಫಹ್ಮಿದಾ ಪರದೆ ಎತ್ತಿ ಹಿಡಿದಿದ್ದಳು, ಹೋಗಲೇಬೇಕಾಯಿತು.

ಡಾಕ್ಟರ್ ಮಧುಕರ್ ಪೆನ್ನು ತೆಗೆದಿದ್ದರು. "ಹಳೇ ಮಾತ್ರೆ ಮತ್ತೆ ಶುರು ಮಾಡೋಣ ಪಿಳ್ಳಮ್ಮ," ಎಂದರು. ಅವಳು ಗೋಣು ಆಡಿಸಿದಳು. ಅಳು ಬರಲಿಲ್ಲ. ನಾಳೆ ಯಾವ ಸೊಪ್ಪು ಕೊಯ್ಯಿಸಬೇಕು ಎಂದು ಯೋಚಿಸಲು ಹೆಣಗುತ್ತಿದ್ದಳು.

ಆಗ ಪರದೆ ಸರಿಸಿಕೊಂಡು ಜಟ್ಟೆಮ್ಮ ಒಳಗೆ ಬಂದಳು. ಕರೆದಿರಲಿಲ್ಲ. ಚಪ್ಪಲಿಯನ್ನು ಹೊರಗೆ ಬಿಟ್ಟು ಬಂದಿದ್ದಳು.

"ಸಾಹೇಬ್ರ, ಯಕ್ಕನ ಔಷಧ ಬಿಡಿಸಬ್ಯಾಡ್ರಿ. ಆಕಿ ಮೂರ ನುಂಗ್ಯಾಳ್ರಿ. ದಿನಾ ಒಂದ್ ಗುಳಿಗಿ ನಂಗ ಕೊಟ್ಟಾಳ. ಏಳ್ ತಿಂಗಳಾತ್ರಿ."

"ಸುಳ್ಳು ಸಾಮಿ," ಎಂದು ಪಿಳ್ಳಮ್ಮ ಎದ್ದು ನಿಂತಳು. "ಇವ್ಳಿಗ್ ಏನೂ ಗೊತ್ತಿಲ್ಲ, ನನ್ ಮೇಲಿನ ಆಸೆಗೆ ಹೇಳ್ತವ್ಳೆ. ಓಗೇ ಆಚೆಗೆ!"

ಜಟ್ಟೆಮ್ಮ ಸೆರಗಿನ ಗಂಟು ಬಿಚ್ಚಿ ಕಾಗದದ ಪೊಟ್ಟಣವನ್ನು ಮೇಜಿನ ಮೇಲಿಟ್ಟಳು. ಆ ವಾರದ ಮಾತ್ರೆ ಇನ್ನೂ ಮೂರಿದ್ದವು. ಫಹ್ಮಿದಾ ಒಂದನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿ, ಡಾಕ್ಟರರ ಕಡೆ ತಲೆಯಾಡಿಸಿ, ಕುರ್ಚಿಯ ಮೇಲೆ ಕುಸಿದಳು. ಏಳು ತಿಂಗಳು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಎಣಿಸಿದವಳು ಅವಳು.

ಡಾಕ್ಟರು ಮೊದಲು ಕೂಗಾಡಿದರು. ನಿಮ್ಮ ರಕ್ತದ ಲೆಕ್ಕ ಹೊರದೇಶಕ್ಕೆ ಹೋಗುತ್ತದೆ, ನಾಲ್ಕು ನುಂಗಿದರೂ ಔಷಧಿ ಸೋತಿತು ಎಂದು ಅಲ್ಲಿ ಬರೆದುಕೊಳ್ಳುತ್ತಾರೆ, ಇಂಥ ಸುಳ್ಳು ಹತ್ತು ಸೇರಿದರೆ ಒಳ್ಳೆಯ ಔಷಧಿಯನ್ನೇ ಕೈಬಿಡುತ್ತಾರೆ, ನಿಮ್ಮ ಹಾಗೆ ಕಾಯುತ್ತಿರುವವರು ಎಷ್ಟು ಜನ ಗೊತ್ತೇ ಎಂದರು. ಆಮೇಲೆ ಕೂಗು ನಿಲ್ಲಿಸಿ ಕನ್ನಡಕ ತೆಗೆದಿಟ್ಟರು. ಜಟ್ಟೆಮ್ಮನ ಕಡೆ ನೋಡಿ, "ಹೇಳದೇ ಇದ್ದಿದ್ರೆ ನೀವು ಇವತ್ತು ಸೇರ್ತಿದ್ರಿ. ಗೊತ್ತಿತ್ತಾ?" ಎಂದು ಕೇಳಿದರು.

"ಗೊತ್ತಿತ್ರಿ," ಎಂದಳು ಜಟ್ಟೆಮ್ಮ.

ಹೊರಗೆ ಬಂದ ಮೇಲೆ ಪಿಳ್ಳಮ್ಮ ಅವಳ ರಟ್ಟೆ ಹಿಡಿದು ಅಲುಗಾಡಿಸಿದಳು. ಕಾರಿಡಾರಿನಲ್ಲಿ ಕೂತಿದ್ದವರೆಲ್ಲ ತಿರುಗಿ ನೋಡುವ ಹಾಗೆ ಕೂಗಿದಳು. "ಯಾಕೇ ಯೋಳ್ದೆ? ಯಾರ್ ಕೇಳಿದ್ರು ನಿನ್ನ? ಯಾಕ್ ಯೋಳ್ದೆ?"

"ನೀ ಯಾಕ ಹೇಳಲಿಲ್ಲ?" ಎಂದಳು ಜಟ್ಟೆಮ್ಮ. "ಕೊಸರು ಅಂದಿ. ನಿನ್ನ ಪಾಲಿಂದು ನಂಗ ತಿನಿಸಿದಿ. ನಾ ಏನ್ ರಾಕ್ಷಸಿ ಏನ್ ಯಕ್ಕಾ?"

ಪಿಳ್ಳಮ್ಮ ಆಗ ಅತ್ತಳು. ಮಗಳ ಮದುವೆಯಲ್ಲಿ ಅಳದವಳು, ಮೂರು ಲಕ್ಷ ಎಂದಾಗ ಅಳದವಳು, ಆಸ್ಪತ್ರೆಯ ನೆಲದ ಮೇಲೆ ಕೂತು ಅತ್ತಳು. ಮುನಿರಾಜಪ್ಪ ಏನು ಮಾಡಬೇಕೆಂದು ತೋಚದೆ ಇಬ್ಬರಿಗೂ ನೀರು ತಂದುಕೊಟ್ಟ.

ಡಾಕ್ಟರ್ ಮಧುಕರ್ ಇಬ್ಬರ ಪರವಾಗಿಯೂ ಹೊರದೇಶದ ಔಷಧಿ ಕಂಪನಿಗೆ ಬರೆದರು. ಮೂರು ವಾರಕ್ಕೆ ಉತ್ತರ ಬಂತು. ಪಿಳ್ಳಮ್ಮ ಮುಂದುವರಿಯಬಹುದು, ವಾರವಾರ ಬಂದು ಮಾತ್ರೆ ಒಯ್ಯಬೇಕು. ಜಟ್ಟೆಮ್ಮನನ್ನು ಸೇರಿಸಲು ಬರುವುದಿಲ್ಲ. ಡಾಕ್ಟರು ಎರಡನೆಯ ಸಲ ಬರೆದರು, ಉತ್ತರ ಅದೇ. ಯಾರ ಮೇಲೆ ಸಿಟ್ಟು ಮಾಡಿಕೊಳ್ಳುವುದು? ನಿಯಮ ಬರೆದವರು ಕಟುಕರಲ್ಲ. ಒಬ್ಬಳಿಗೆ ಸಡಿಲಿಸಿದರೆ ಲೆಕ್ಕ ಕೆಡುತ್ತದೆ, ಲೆಕ್ಕ ಕೆಟ್ಟರೆ ಸಾವಿರಾರು ಜನ ಕಾಯಬೇಕಾಗುತ್ತದೆ. ಅದು ನಿಜವೇ. ಆದರೆ ಆ ನಿಜವನ್ನು ಕಮ್ಮನಹಳ್ಳಿಯ ಬಾಡಿಗೆ ಕೋಣೆಯಲ್ಲಿ ಕೂತು ಕೇಳಿದರೆ ಮೈ ಉರಿಯುತ್ತದೆ.

ಶುಕ್ರವಾರಗಳು ತಿರುಗುಮುರುಗಾದವು. ಈಗ ಪಿಳ್ಳಮ್ಮನೇ ಸೊಪ್ಪು ಹೊತ್ತು ಕಮ್ಮನಹಳ್ಳಿಗೆ ಹೋಗುತ್ತಿದ್ದಳು. ಜಟ್ಟೆಮ್ಮ ಬಾಗಿಲು ತೆಗೆದ ಕೂಡಲೇ, "ನಾಕೂ ನುಂಗೀಯೇನು?" ಎಂದು ಕೇಳುವಳು. ಹೌದೆಂದ ಮೇಲೆಯೇ ಒಳಗೆ ಬಿಡುವಳು. ಪಿಳ್ಳಮ್ಮನ ರಕ್ತ ಅಕ್ಟೋಬರಿನೊಳಗೆ ಒಂಬತ್ತು ಸಾವಿರಕ್ಕೆ ಇಳಿಯಿತು. ಜಟ್ಟೆಮ್ಮನದು ಹಳೆಯ ಮಾತ್ರೆಗೆ ಬಗ್ಗದೆ ಏರತೊಡಗಿತು. ಚಳಿಗಾಲದಲ್ಲಿ ಜ್ವರ ಬಿಡಲಿಲ್ಲ. ದುರ್ಗೇಶ ಅವಳನ್ನು ಊರಿಗೆ ಕರೆದುಕೊಂಡು ಹೋಗಬೇಕೆಂದ. ಹೊರಡುವ ದಿನ ಪಿಳ್ಳಮ್ಮ ಕೋಣೆಯ ಬಾಗಿಲಲ್ಲಿ ಅವಳ ತಲೆ ಬಾಚಿದಳು. ತನ್ನನ್ನು ಬೈಯಲಿ ಎಂದು ಕಾದಳು. ಜಟ್ಟೆಮ್ಮ ಬೈಯಲಿಲ್ಲ. ಸೊಪ್ಪಿನ ಬೆಲೆ ಕೇಳಿದಳು, ಮುನಿರಾಜಪ್ಪಣ್ಣ ಹ್ಯಾಂಗದಾನ ಎಂದಳು, ಬ್ಯಾಸಗಿ ಕಳದ ಮ್ಯಾಲ ಬರ್ತೀನಿ ಎಂದಳು.

ಎರಡು ಸಾವಿರದ ಎರಡರ ಮಾರ್ಚ್‌ನಲ್ಲಿ ಅವಳು ತೀರಿಕೊಂಡಳು. ದುರ್ಗೇಶ ಕೆಲಸಕ್ಕೆ ವಾಪಸ್ ಬಂದವನು ಮಾರುಕಟ್ಟೆಗೆ ಬಂದು ಹೇಳಿದ. ಅದೇ ವರ್ಷ ಮಳೆಗಾಲ ಹಿಡಿಯುವ ಹೊತ್ತಿಗೆ ಪರೀಕ್ಷೆಯೆಲ್ಲ ಮುಗಿದು, ಔಷಧಿಗೆ ಒಂದು ಹೆಸರೂ ಬಂದು, ಬಡವರಾದ ರೋಗಿಗಳಿಗೆ ಆಸ್ಪತ್ರೆಯಲ್ಲೇ ಪುಕ್ಕಟೆ ಹಂಚಲು ಶುರುಮಾಡಿದರು. ಯಾರ ಮೈ ಹೊಸದು, ಯಾರದು ಹಳೆಯದು ಎಂದು ಆಗ ಯಾರೂ ಕೇಳಲಿಲ್ಲ. ಎರಡೇ ಎರಡು ಮಳೆ ಬಿದ್ದಿತ್ತು ಅಷ್ಟರಲ್ಲಿ.

ಪಿಳ್ಳಮ್ಮ ಬದುಕಿದಳು. ಮೂರು ವರ್ಷ, ಹೆಚ್ಚೆಂದರೆ ನಾಲ್ಕು ಎಂದಿದ್ದವರ ಎದುರಿಗೇ ಹತ್ತು ವರ್ಷ ದಾಟಿದಳು. ಮೊಮ್ಮಗಳ ಕಿವಿ ಚುಚ್ಚಿಸಿದಳು, ಊರಿನ ಅರ್ಧ ಎಕರೆಯ ಸುತ್ತ ಬಡಾವಣೆಗಳೆದ್ದರೂ ಸೊಪ್ಪು ಬೆಳೆಯುವುದನ್ನು ಬಿಡಗೊಡಲಿಲ್ಲ. ಈಗ ಆಸ್ಪತ್ರೆಗೆ ಮೂರು ತಿಂಗಳಿಗೊಮ್ಮೆ ಹೋದರೆ ಸಾಕು, ಮಾತ್ರೆಯನ್ನು ಯಾರೂ ಎಣಿಸುವುದಿಲ್ಲ. ಚೆನ್ನಾಗಿದ್ದೇವೆಂದು ಎಷ್ಟೋ ಜನ ಅಡ್ಡಾದಿಡ್ಡಿ ನುಂಗಿ, ರೋಗ ಮತ್ತೆ ತಲೆಯೆತ್ತಿದ ಮೇಲೆ ಓಡಿ ಬರುತ್ತಿದ್ದರು. ಎರಡು ಸಾವಿರದ ಒಂಬತ್ತರಲ್ಲಿ ಒಂದು ಬೆಳಿಗ್ಗೆ, ಅಂಥ ಆಟೋ ಡ್ರೈವರ್ ಒಬ್ಬನನ್ನು ಗದರಿಸಿ ಕಳಿಸಿದ ಫಹ್ಮಿದಾ, ಕೂದಲು ಬೆಳ್ಳಗಾದವಳು, ಪಿಳ್ಳಮ್ಮನ ಪಕ್ಕ ಬಂದು ಕೂತಳು.

"ಅಮ್ಮಾ, ಎಂಟು ವರ್ಷದಿಂದ ನೀವು ಒಂದು ದಿನವೂ ಬಿಟ್ಟಿಲ್ಲ. ಕಾಲು ಹಿಡ್ಕೊಂಡಾಗ್ಲೂ ಬಿಟ್ಟಿಲ್ಲ, ವಾಂತಿ ಆದಾಗ್ಲೂ ಬಿಟ್ಟಿಲ್ಲ. ಬೇಜಾರಾಗಲ್ವಾ?"

ಪಿಳ್ಳಮ್ಮ ಊಟದ ಡಬ್ಬಿ ಮುಚ್ಚಿ, ಅಂಗೈಯಲ್ಲಿದ್ದ ನಾಲ್ಕನ್ನೂ ಬಾಯಿಗೆ ಹಾಕಿಕೊಂಡು ಚೊಂಬಿನ ನೀರು ಕುಡಿದಳು. ಒಳಗೆ ಇಳಿದದ್ದು ಖಾತ್ರಿಯಾದ ಮೇಲೆ ಬಾಯಿ ಒರೆಸಿಕೊಂಡಳು.

"ನಂದಾಗಿದ್ರೆ ಯಾವತ್ತೋ ಬುಟ್ಬುಡ್ತಿದ್ನೇನೋ ಫಾಮಿದಮ್ಮಾ," ಎಂದಳು. "ಇದು ಆ ವುಡ್ಗಿ ಪಾಲು."